ಬೆಳ್ಳಗಾದ ಬೇವಿನ ಗಿಡ

ನಮ್ಮ ಮನೆಯಲ್ಲಿ ರವಿವಾರ ಜಳಕ ಮಾಡಬೇಕೆಂದರೆ ಅಪ್ಪನ ಅಪ್ಪಣೆ ಬೇಕಾಗಿತ್ತು. ಅಪ್ಪ ಹಾನಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಫೋಟೋ ತೆಗೆಯುವುದು ಅವನ ಹುಚ್ಚು, ನಮ್ಮ ಬಚ್ಚಲಮನೆಯೇ ಅವನ ಕತ್ತಲಕೋಣೆ. ಕಿಟಕಿಗೆ ಕರಿ ಕಂಬಳಿ ಹಾಕಿ, ಕೆಂಪು ದೀಪ ಹಚ್ಚಿ ಒಳಗೆ ಸೇರಿಕೊಂಡನೆಂದರೆ ಮುಗಿಯಿತು, ಉಳಿದವರು ಬಟ್ಟೆ ಹಿಡಿದುಕೊಂಡು ಹಿತ್ತಲಲ್ಲಿ ಕಾಯಬೇಕು. ನಮ್ಮ ಓಣಿಗೆ ಆಗಷ್ಟೇ ಕರೆಂಟು ಬಂದಿತ್ತು. ಎಣ್ಣೆ ಡಬ್ಬಿಯೊಂದಕ್ಕೆ ಬಲ್ಬು, ಹಳೆ ಕ್ಯಾಮರಾದ ಲೆನ್ಸು ಜೋಡಿಸಿ, ಫೋಟೋ ದೊಡ್ಡದು ಮಾಡುವ ಯಂತ್ರವನ್ನು ಅಪ್ಪ ತಾನೇ ಕಟ್ಟಿದ್ದ. ಅದು ಕಾಯ್ದರೆ ಮನೆತುಂಬ ಶೇಂಗಾ ಎಣ್ಣೆಯ ವಾಸನೆ.

ನಾನು ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿದ್ದೆ. ನನ್ನ ಓರಗೆಯವರು ಮದುವೆಯಾಗುವ ತನಕ ಕಸೂತಿ ಹಾಕುತ್ತಿದ್ದರು, ನಾನು ಫಿಲ್ಮು ತೊಳೆಯುತ್ತಿದ್ದೆ.

ಅರವತ್ತರ ದಶಕ ಶುರುವಾಗಿತ್ತು. ಮುಂಬೈಯಲ್ಲಿದ್ದ ಅಪ್ಪನ ಗೆಳೆಯರೊಬ್ಬರು ಊರಿಗೆ ಬಂದಾಗ ಇನ್‌ಫ್ರಾರೆಡ್ ಫಿಲ್ಮಿನ ಎರಡು ರೋಲು, ಲೆನ್ಸಿನ ಮುಂದೆ ಹಾಕುವ ಒಂದು ಕಡುಗೆಂಪು ಗಾಜು ಕೊಟ್ಟುಹೋದರು. ಅಪ್ಪನಿಗೆ ಊಟ ನಿದ್ದೆ ಎರಡೂ ಬೇಡವಾದವು. ಕೆಂಪಿನ ಆಚೆಗೂ ಬೆಳಕಿದೆ, ನಮ್ಮ ಕಣ್ಣಿಗೆ ಅದು ಕಾಣದು, ಈ ಫಿಲ್ಮಿಗೆ ಕಾಣುತ್ತದೆ ಎಂದು ಅವ್ವನಿಗೆ ತಿಳಿಸಿ ಹೇಳಿದ. ಕಣ್ಣಿಗೆ ಕಾಣುವ ಛತ್ರಿಯನ್ನೇ ವಾರಕ್ಕೊಮ್ಮೆ ಕಳೆದು ಬರುವವರಿಗೆ ಇದೆಲ್ಲ ಯಾಕೆ ಬೇಕು ಎಂದು ಅವ್ವ ಕೇಳಿದಳು. ಅವಳ ಮಾತಿನಲ್ಲಿ ನ್ಯಾಯವಿತ್ತು.

ಮೊದಲನೆಯ ರೋಲು ಹಿಡಿದು ಅಪ್ಪ ಬಸ್ಸು ಹತ್ತಿ ಸವಣೂರಿಗೆ ಹೋದ. ಆನೆಯ ಹೊಟ್ಟೆಯಂಥ ಬೊಡ್ಡೆಯ, ದೊಡ್ಡ ಹುಣಸೆ ಎಂದು ಕರೆಯುವ ಅಲ್ಲಿನ ಬಾವೊಬಾಬ್ ಮರಗಳ ಫೋಟೋಗಳನ್ನು ದಿನವಿಡೀ ತೆಗೆದು ಬಂದ. ಬಂದವನೇ ಬಚ್ಚಲು ಸೇರಿದ. ಈ ಫಿಲ್ಮಿಗೆ ಕೆಂಪು ದೀಪವೂ ಆಗದೆಂದು ನೆನಪಿಟ್ಟು ಆರಿಸಿದ. ಆದರೆ ಹಂಡೆಯ ಒಲೆಯಲ್ಲಿ ಕೆಂಡ ಇನ್ನೂ ಇತ್ತು. ನಾವು ಯಾವಾಗಲೂ ಬಳಸುತ್ತಿದ್ದ ಅಗ್ಗದ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ, ಹಾಗಾಗಿ ಆ ಒಲೆಯ ಬಗ್ಗೆ ಯಾರೂ ಯೋಚಿಸಿದ್ದೇ ಇಲ್ಲ. ಕಣ್ಣಿಗೆ ಕಾಣದ ಬೆಳಕನ್ನು ನೋಡುವ ಫಿಲ್ಮು ಕೆಂಡವನ್ನು ಬಿಟ್ಟೀತೇ? ಇಡೀ ರೋಲು ಇದ್ದಿಲಿನ ಹಾಗೆ ಕಪ್ಪಾಗಿ ಬಂತು. ಅಪ್ಪ ಒದ್ದೆ ಫಿಲ್ಮನ್ನು ಹೆಗಲ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟ. ಎರಡನೆಯ ರೋಲಿನ ದಿನ ಅವ್ವ ತಾನೇ ಒಲೆಗೆ ಒಂದು ಕೊಡ ನೀರು ಸುರಿದಳು. ಅಂದು ಎಲ್ಲರಿಗೂ ತಣ್ಣೀರೇ ಗತಿ.

ಆ ರೋಲು ಚೆನ್ನಾಗಿ ಬಂತು. ನಮ್ಮೂರ ಕೆರೆಯ ದಂಡೆಯ ಗಿಡಗಳ ಎಲೆಯೆಲ್ಲ ಬಿಳಿ, ಆಕಾಶ ಕಪ್ಪು. ನೆರೆಮನೆಯವರು ಅಷ್ಟೊಂದು ಹತ್ತಿ ಯಾವ ಊರಲ್ಲಿ ಬೆಳೆದಿದೆ ಎಂದು ಕೇಳಿದರು. ಕೊನೆಗೆ ಒಂದೇ ಒಂದು ಫೋಟೋಕ್ಕಾಗುವಷ್ಟು ಫಿಲ್ಮು ಉಳಿದಿತ್ತು. ಹಿತ್ತಲ ಬೇವಿನ ಗಿಡದ ಕೆಳಗೆ ನನ್ನನ್ನು ಕೂಡಿಸಿ ಅಪ್ಪ ಅದನ್ನೂ ಮುಗಿಸಿದ.

ನಾನು ಕಪ್ಪು. ಗೋಧಿ ಬಣ್ಣ, ಎಣ್ಣೆಗೆಂಪು ಎಂದೆಲ್ಲ ಸುತ್ತಿ ಬಳಸಿ ಹೇಳುವ ಕಪ್ಪಲ್ಲ, ನೇರವಾದ ಕಪ್ಪು. ಆ ಫೋಟೋದಲ್ಲಿ ನನ್ನ ಮುಖ ಹಾಲಿನ ಕೆನೆಯಂತಿತ್ತು. ತುಟಿ ಬಿಳಿ, ಹಿಂದಿನ ಬೇವೂ ಬಿಳಿ, ಹಣೆಯ ಕುಂಕುಮ ಗುರುತೇ ಸಿಗದಂತೆ ಮಾಯ. ನಾನು ಬಿದ್ದು ಬಿದ್ದು ನಕ್ಕೆ. ಅವ್ವ ಮಾತ್ರ ನಗಲಿಲ್ಲ. ಅದನ್ನು ದೇವರ ಮಾಡದಲ್ಲಿಟ್ಟು ಹೋಗುತ್ತ ಬರುತ್ತ ನೋಡಿದಳು. ಆಗ ಅವಳ ಮುಖದಲ್ಲಿ ಮೂಡುತ್ತಿದ್ದ ಸಮಾಧಾನ ನನ್ನನ್ನು ನೋಡುವಾಗ ಎಂದೂ ಮೂಡಿದ್ದಿಲ್ಲ. ಆ ಬಿಳಿ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಶಿಗ್ಗಾಂವಿಯಿಂದ ಅತ್ತೆ ಬಂದಳು. ಅಪ್ಪನ ಅಕ್ಕ, ನನಗೆ ವರ ಹುಡುಕುವ ಜವಾಬ್ದಾರಿ ಹೊತ್ತವಳು. ಫೋಟೋ ನೋಡಿದವಳೇ ಪೆನ್ನು ತರಿಸಿ, ಬೋಳು ಹಣೆಗೆ ಮಸಿಯಲ್ಲಿ ಕುಂಕುಮ ಇಟ್ಟು, ಹಿರೇಕೆರೂರಿನ ಒಂದು ಮನೆತನಕ್ಕೆ ತೋರಿಸುತ್ತೇನೆಂದು ಚೀಲಕ್ಕೆ ಹಾಕಿಕೊಂಡಳು. ನಾನು ಜಗಳಕ್ಕೆ ನಿಂತೆ. ಎಲೆಯಾಗಲಿ ಚರ್ಮವಾಗಲಿ ಈ ಫಿಲ್ಮಿನಲ್ಲಿ ಬೆಳ್ಳಗೇ ಬರುತ್ತದೆ ಎಂದು ಅಪ್ಪ ಪಾಠ ಮಾಡುವ ಧಾಟಿಯಲ್ಲಿ ಅಕ್ಕನಿಗೆ ಎಲ್ಲ ವಿವರಿಸಿದ. ಅವಳು ಪೂರ್ತಿ ಕೇಳಿ, "ಕಣ್ಣಿಗೆ ಕಾಣದ ಬೆಳಕು ಇದರಾಗ ಕಾಣತೈತಿ ಅಂತ ನೀನ ಹೇಳ್ತಿ. ಹಂಗಾರ ಕಣ್ಣಿಗೆ ಕಾಣದ ಬಣ್ಣಾನೂ ಕಂಡೈತಿ ತಗೋ" ಎಂದಳು. ಅಕ್ಕನ ಮುಂದೆ ಅಪ್ಪನ ವಿಜ್ಞಾನ ಅಲ್ಲಿಗೆ ನಿಂತಿತು.

ನನಗೆ ನಗು ಹೋಗಿ ಭಯ ಬಂತು. ಈ ಸಂಬಂಧ ಕುದುರಿದರೆ ಬದುಕಿರುವ ತನಕ ಆ ಫೋಟೋದವಳ ಸವತಿಯಾಗಿ ಬಾಳಬೇಕು.

ಫೋಟೋ ಮೆಚ್ಚಿ ಅವರು ಕನ್ಯಾ ನೋಡಲು ಬಂದೇಬಿಟ್ಟರು. ಹುಡುಗ, ಅವನ ತಾಯಿ, ಸೋದರಮಾವ. ನಾನು ಶಿರಾ, ಉಪ್ಪಿಟ್ಟಿನ ತಾಟುಗಳನ್ನು ಮುಂದಿಟ್ಟೆ. ಆ ತಾಯಿ ಒಳ್ಳೆಯ ಹೆಂಗಸು. ನನ್ನನ್ನು ನೋಡಿ ನಕ್ಕು, ಅತ್ತೆಯ ಕಡೆ ತಿರುಗಿ, "ಇಕಿ ತಂಗ್ಯೇನ್ರಿ? ಹುಡುಗೀನ್ನ ಕರೀರಿ" ಎಂದಳು.

ಅಪ್ಪ ತಲೆಯೆತ್ತಿ ಮಾಳಿಗೆಯ ಜಂತಿ ನೋಡುತ್ತಿದ್ದ. ನನಗೆ ಅಳು ಬರುವಂತಾಗಿತ್ತು, ಆದರೆ ನನ್ನ ಸ್ವಭಾವಕ್ಕೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ.

"ನಾನ ರೀ ಹುಡುಗಿ" ಎಂದೆ. ಅವಳ ಕೈಯಲ್ಲಿದ್ದ ಫೋಟೋದ ಮೇಲೆ ಬೆರಳಿಟ್ಟೆ. "ಇದರಾಗ ಬೇವಿನ ಗಿಡಾನೂ ಬೆಳ್ಳಗೈತಿ ನೋಡ್ರಿ. ಹಿತ್ತಲದಾಗ ಐತಿ, ಹೋಗಿ ನೋಡಿ ಬರ್ರಿ."

ಅವರು ನಿಜವಾಗಿಯೂ ಎದ್ದು ಹೋಗಿ ಬೇವು ನೋಡಿ ಬಂದರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, ತಿಳಿಸುತ್ತೇವೆ ಎಂದು ಹೊರಟರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಅತ್ತೆ ನನ್ನ ನಾಲಿಗೆಗೆ ಬಯ್ಯಬೇಕಾದಷ್ಟು ಬಯ್ದು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ನಾನು ಸೀದಾ ಬಚ್ಚಲಿಗೆ ಹೋಗಿ ಕಿಟಕಿಗೆ ಕಂಬಳಿ ಹಾಕಿ ಕೆಂಪು ದೀಪ ಹಚ್ಚಿದೆ. ಬೇವಿನ ಕೆಳಗೆ ಅದೇ ದಿನ ಮಾಮೂಲಿ ಫಿಲ್ಮಿನಲ್ಲೂ ಅಪ್ಪ ನನ್ನದೊಂದು ಫೋಟೋ ತೆಗೆದಿದ್ದ. ಬಿಳಿ ಹುಡುಗಿ ಬಂದ ಸಂಭ್ರಮದಲ್ಲಿ ಅದನ್ನು ಯಾರೂ ಪ್ರಿಂಟು ಹಾಕಿರಲಿಲ್ಲ. ಅಪ್ಪ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತ. ಎಣ್ಣೆ ಡಬ್ಬಿಯ ಬಲ್ಬು ಹಚ್ಚಿದೆ, ಕಾಗದದ ಮೇಲೆ ಚಿತ್ರ ಬಿತ್ತು. ಆಗ ಅಪ್ಪನ ಕೈ ತಾನಾಗಿ ಮುಂದೆ ಬಂದು, ನನ್ನ ಮುಖದ ಮೇಲೆ ನೆರಳು ಮಾಡಿ ಮೆಲ್ಲಗೆ ಆಡತೊಡಗಿತು. ಫೋಟೋ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ, ಹಾಗೆ ಮಾಡಿದರೆ ಅಷ್ಟು ಭಾಗಕ್ಕೆ ಬೆಳಕು ಕಡಿಮೆ ಬಿದ್ದು ಮುಖ ಇದ್ದುದಕ್ಕಿಂತ ಬೆಳ್ಳಗೆ ಬರುತ್ತದೆ. ನನ್ನ ಒಂದೊಂದು ಫೋಟೋಕ್ಕೂ ಅಪ್ಪ ಹೀಗೆ ಕೈ ಆಡಿಸಿದ್ದ. ನಾನು ಪಕ್ಕದಲ್ಲೇ ನಿಂತು ಅದನ್ನು ಕೈಚಳಕ ಎಂದುಕೊಂಡಿದ್ದೆ. ಅದು ಏತಕ್ಕೆಂದು ಈಗ ಅರ್ಥವಾಯಿತು.

"ಕೈ ತಗಿ ಅಪ್ಪಾ" ಎಂದೆ.

ತೆಗೆದ. ಕಾಗದವನ್ನು ತಾಟಿನಲ್ಲಿದ್ದ ಔಷಧದ ನೀರಿಗೆ ಇಳಿಬಿಟ್ಟೆ. ಮೊದಲು ಬೇವಿನ ಬೊಡ್ಡೆ, ಆಮೇಲೆ ಸೀರೆಯ ಅಂಚು, ಕೊನೆಗೆ ನನ್ನ ಮುಖ, ಇದ್ದ ಬಣ್ಣದಲ್ಲೇ ಬಂತು. ಕೆಂಪು ದೀಪಕ್ಕೆ ಹಿಡಿದು ಅಪ್ಪ ಬಹಳ ಹೊತ್ತು ನೋಡಿದ.

"ನಮ್ಮವ್ವ ಕಾಣಾಕತ್ತಾಳ" ಎಂದ.

ಅಜ್ಜಿ ಅಪ್ಪ ಸಣ್ಣವನಿದ್ದಾಗಲೇ ತೀರಿಕೊಂಡವಳು. ಅವಳದೊಂದು ಫೋಟೋ ಎಲ್ಲೂ ಇರಲಿಲ್ಲ. ಅವಳು ಹೇಗಿದ್ದಳೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸಂಜೆ ಮುಖ ತೊಳೆಯಲು ಬಂದ ಅತ್ತೆ ಹಗ್ಗದ ಮೇಲೆ ಒಣಗುತ್ತಿದ್ದ ಫೋಟೋ ನೋಡಿ ನಿಂತಳು. ನೀರಿನ ತಂಬಿಗೆ ಕೈಯಲ್ಲೇ ಇತ್ತು. ಮತ್ತೆ ಬೈಗುಳ ಶುರುವಾಗುತ್ತದೆಂದು ನಾನು ಸಜ್ಜಾದೆ. ಅವಳು ತಂಬಿಗೆ ಕೆಳಗಿಟ್ಟು, ಒದ್ದೆ ಫೋಟೋದ ಕೆನ್ನೆಗೆ ಬೆರಳ ಹಿಂಬದಿ ತಾಗಿಸಿದಳು.

"ಇಂಥಾವು ಎರಡು ಮಾಡಿಕೊಡು" ಎಂದಳು. "ಒಂದು ಮುಂದ ಬರೋ ವರನ ಕಡ್ಯಾವ್ರಿಗೆ. ಒಂದು ನನಗ."