ಸಿರುಗುಪ್ಪದ ಲೈನಿನಲ್ಲಿ ಅವ್ವ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಫೋನ್ ಏರಿಸಿದೊಡನೆ ಆಪರೇಟರ್ ಹಂಪಮ್ಮ ‘ಸುಲೋಚನಾ’ ಆಗಿಬಿಡುತ್ತಿದ್ದಳು. ಎಪ್ಪತ್ತರ ದಶಕದ ಬಳ್ಳಾರಿ ಅದು. ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿ ಹಚ್ಚಿ ಇವಳನ್ನು ಓದಿಸಿದವಳು ಅವ್ವ ಯಂಕಮ್ಮ. ಲೈನಿನ ಸುಲೋಚನಾಗೆ ಮಾತ್ರ ಧಾರವಾಡದ ಹೆಡ್‌ಮಾಸ್ತರ ತಂದೆ, ಪುಸ್ತಕದ ಕನ್ನಡ.

ಅದನ್ನೆಲ್ಲ ನಂಬಿದ್ದವರು ಗಣಿತದ ಲೆಕ್ಚರರ್ ಉಜ್ಜಿನಪ್ಪ. ಮದ್ರಾಸಿನ ತಮ್ಮ ಗುರುಗಳಿಗೆ ಆಗಾಗ ಟ್ರಂಕ್ ಕಾಲ್ ಹಚ್ಚುತ್ತಿದ್ದರು. ಲೈನು ಸಿಗುವತನಕ ಇವಳೊಡನೆ ಮಾತು. ಅವರ ಮುಖ ಇವಳು ಕಂಡಿರಲಿಲ್ಲ. ಆದರೂ ಅವರ ಕಣ್ಣಲ್ಲಿ ಸಣ್ಣವಳಾಗಬಾರದೆಂಬುದೇ ಇವಳ ಚಿಂತೆ.

"ಏನು ಸಂಶೋಧನೆ ಸರ್ ನಿಮ್ಮದು?" ಎಂದು ಆ ದಿನ ಕೇಳಿದಳು.

"ರಂಗೋಲಿ ತಿರುಗಿಸಿದ್ರೂ ಮೊದಲಿನಂಗ ಕಾಣತೈತಲ್ರಿ? ಅಂಥ ತಿರುವೆಲ್ಲಾ ಕೂಡಿದ್ರ ಒಂದು ಗುಂಪು. ಅದು ಬೇರೆ ಬೇರೆ ರೂಪ ತಾಳತೈತಿ. ಬೆಳಕನ್ನ ಬಣ್ಣಾಗಿ ಒಡದಂಗ ನಾವು ಆ ರೂಪ ಒಡದು ನೋಡತೀವಿ. ಒಂದು ರೂಪದಾಗ ಮಾತ್ರ, ಎಷ್ಟು ತಿರುಗಿಸ್ರಿ, ಏನೂ ಅಲುಗಾಡೂದಿಲ್ಲ."

"ಹಾಗಾದರೆ ಅದು ಸುಳ್ಳು ರೂಪವೇ?"

"ಸುಳ್ಳಲ್ರಿ. ಆದ್ರ ಅದೊಂದನ್ನ ನೋಡಿದ್ರ ಗುಂಪು ಯಾವುದು ಅಂತ ಗುರುತು ಹತ್ತೂದಿಲ್ಲ."

ಅಷ್ಟರಲ್ಲಿ ಬೋರ್ಡಿನ ಮೇಲೆ ಸಿರುಗುಪ್ಪದ ದೀಪ ಹತ್ತಿತು. ಮಾತಿನ ಗುಂಗಿನಲ್ಲಿ ಲೆಕ್ಚರರ ವೈರು ಕಳಚದೆಯೇ ಆ ಲೈನನ್ನೂ ಎತ್ತಿದಳು. ಅಲ್ಲಿನ ಮಾತೆಲ್ಲ ಅವರಿಗೂ ಕೇಳತೊಡಗಿತು.

"ಹಂಪೀ! ನಾನವಾ, ನಿಮ್ಮವ್ವ. ಪೋಸ್ಟಾಫೀಸಿನಾಗ ಅದೀನಿ. ಈ ಡಬ್ಬಿಯಾಗ ಹೆಂಗ ಒದರಬೇಕು?"

ಲೆಕ್ಚರರೂ ಕೇಳುತ್ತಿದ್ದಾರೆಂದು ಹಂಪಮ್ಮನಿಗೆ ಆಗ ಹೊಳೆಯಿತು. "ಇಲ್ಲಿ ಆ ಹೆಸರಿನವರು ಯಾರೂ ಇಲ್ಲ" ಎಂದುಬಿಟ್ಟಳು.

ಅವ್ವನ ದನಿ ತಗ್ಗಿ ಬಂತು. "ಹೌದೇನ್ರಿ ಅಮ್ಮಾ. ತಪ್ಪಾತ್ರಿ. ಆಕಿ ಸಿಕ್ರ ಹೇಳ್ರಿ, ಕುರುಗೋಡು ಬಸಣ್ಣ ದೇವ್ರಿಗೆ ಆಕಿ ಹೆಸರ್ಲೆ ಕಾಯಿ ಒಡಿಸೀನಿ. ಪ್ರಸಾದ ಬಸ್ಸಿನಾಗ ಕಳಸ್ತೀನಿ."

ಲೈನು ಕಡಿಯಿತು. "ಪಾಪ," ಎಂದರು ಉಜ್ಜಿನಪ್ಪ, "ಆ ಹುಡುಗೀನ ಹುಡುಕಿಸಿ ತಿಳಿಸ್ರಿ ಸುಲೋಚನಾ ಅವರೇ."

"ಆಗಲಿ ಸರ್," ಎಂದಳು. ದನಿ ಒಂದಿಷ್ಟೂ ಅಲುಗಲಿಲ್ಲ. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಕೆಯಾಯಿತು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಎರ್ರಣ್ಣ ಬಾಳೆ ಎಲೆಯ ಪೊಟ್ಟಣ ಹಿಡಿದು ನಿಂತಿದ್ದ.

"ಯಂಕಮ್ಮನ ಮಗಳು ನೀನ ಏನವಾ?"

"ಹೂಂ ಅಣ್ಣಾ, ನಾನ."

"ನಿಮ್ಮವ್ವಂದು ಏನು ಬಿಂಕ ಅಂತಿ! ಫೋನಿನ ಅಮ್ಮಾರು ನನ್ನ ಕೂಡ ಭಾಳ ಮರ್ಯಾದಿಲೆ ಮಾತಾಡಿದ್ರು ಅಂತ ಊರೆಲ್ಲಾ ಹೇಳಾಕತ್ಯಾಳ."

ಹಂಪಮ್ಮ ಕೈಚಾಚಿ ಪೊಟ್ಟಣ ತೆಗೆದುಕೊಂಡಳು. ಅವ್ವ ತನ್ನ ದನಿ ಗುರುತಿಸಿದ್ದಳೋ ಇಲ್ಲವೋ, ಕೇಳುವ ಬಾಯಿ ಆಗಲೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡಳು, ಬಾಯಿಗಿಡಲು ಕೈ ಏಳಲಿಲ್ಲ.

ಸಂಜೆ ಉಜ್ಜಿನಪ್ಪ ಮದ್ರಾಸು ಕೇಳಿದಾಗ ತಡೆದು ತಡೆದು ಹೇಳಿದಳು: "ಸರ್, ಆ ಹುಡುಗಿ ಸಿಕ್ಕಾಳ್ರಿ. ನಾನ ಹಂಪಮ್ಮ. ನಿನ್ನಿ ಮಾತಾಡಿದಾಕಿ ನಮ್ಮವ್ವ."

"ಮದ್ರಾಸ್ ಸಿಕ್ತೇನ್ರೀ?" ಎಂದಷ್ಟೇ ಕೇಳಿದರು ಉಜ್ಜಿನಪ್ಪ.

"ಸಿಕ್ಕೈತ್ರಿ. ಮಾತಾಡ್ರಿ."

ಅಂದಿನಿಂದ ಸಿರುಗುಪ್ಪದ ದೀಪ ಹತ್ತಿದಾಗಲೆಲ್ಲ, "ಹಂಪಮ್ಮ ಅದೀನ್ರಿ, ಹೇಳ್ರಿ" ಎನ್ನುತ್ತಿದ್ದಳು. ಯಂಕಮ್ಮ ಮತ್ತೆಂದೂ ಫೋನು ಮಾಡಲಿಲ್ಲ. ಹೇಳುವುದಿದ್ದರೆ ಎರ್ರಣ್ಣನ ಬಾಯಲ್ಲೇ ಹೇಳಿ ಕಳಿಸುತ್ತಿದ್ದಳು.