ಕಂಪ್ಯೂಟರಿಗೆ ಒಡೆದ ಕಾಯಿ

ಇವತ್ತು ಬೆಳಿಗ್ಗೆ ಸೊಸೆ ಚಟ್ನಿಗೆಂದು ಕಾಯಿ ಒಡೆದಾಗ ನೀರು ಚೆಲ್ಲಿ ಉರಿಯುತ್ತಿದ್ದ ಒಲೆಯ ಮೇಲೆ ಬಿತ್ತು. ಚುರ್ರೆಂದಿತು. ಆಮೇಲೆ ಬೆಲ್ಲ ಸೀದ ಹಾಗೊಂದು ವಾಸನೆ ನಡುಮನೆಯವರೆಗೂ ಬಂತು. “ಏನಿಲ್ಲ ಮಾವ, ಕಾಯಿನೀರು” ಅಂದಳು. ಅವಳಿಗೆ ಏನಿಲ್ಲ, ನಿಜ. ನನಗೆ ಮಾತ್ರ ಆ ವಾಸನೆ ಬಂದರೆ ಸಾಕು, ಗುಬ್ಬಿಯ ಕೊಬ್ಬರಿ ಮಂಡಿಯೂ ಅಲ್ಲಿದ್ದ ಹೆಸರಿಲ್ಲದ ಕಂಪ್ಯೂಟರೂ ಅದರ ಮುಂದೆ ಕೂತಿರುತ್ತಿದ್ದ ಮುಮ್ತಾಜಳೂ ಒಟ್ಟಿಗೆ ಎದುರು ಬಂದು ನಿಲ್ಲುತ್ತಾರೆ. ನೀವೂ ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ. ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದರೆ ಅದನ್ನು ಕೊಂಚ ಪಕ್ಕಕ್ಕಿಡಿ.

ನಾನು ಆ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಚೇಳೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ತೊಂಬತ್ತರ ದಶಕದಲ್ಲಿ ನಮ್ಮ ಸಾಹುಕಾರರು ಬೆಂಗಳೂರಿನ ಯಾವುದೋ ಮುಚ್ಚಿಹೋದ ಕಂಪನಿಯ ಹರಾಜಿನಲ್ಲಿ ಮಂಡಿಯ ಲೆಕ್ಕಕ್ಕೆಂದು ಆ ಕಂಪ್ಯೂಟರನ್ನು ಹಿಡಿದು ತಂದರು. ಈಗಿನ ಕಂಪ್ಯೂಟರಿನ ಹಾಗಲ್ಲ. ಪರದೆ, ಕೀಲಿಮಣೆ, ಪೆಟ್ಟಿಗೆ ಎಲ್ಲ ಒಂದೇ ಮೈ. ಫ್ಲಾಪಿಯೊಂದೊಂದೂ ತಿಂಡಿ ತಟ್ಟೆಯಷ್ಟು ಅಗಲ. ಎತ್ತಲು ಇಬ್ಬರು ಹಮಾಲರು ಬೇಕು. ಮುಂಭಾಗದಲ್ಲಿ ಕಂಪನಿಯ ಹೆಸರಿನ ತಗಡೊಂದಿತ್ತು. ಅದನ್ನು ಯಾರೂ ಓದುವ ಮೊದಲೇ ಸಾಹುಕಾರರು, “ಯಾವನ್ದೋ ಹೆಸರು ನಮ್ಗ್ಯಾಕೆ, ಅಮ್ಮನೋರಿರ್ಲಿ” ಎಂದು ಅದರ ಮೇಲೆ ಲಕ್ಷ್ಮಿಯ ಸ್ಟಿಕ್ಕರ್ ಅಂಟಿಸಿಬಿಟ್ಟರು. ನಮ್ಮ ಪಾಲಿಗೆ ಅದು ಲಕ್ಷ್ಮಿ ಕಂಪ್ಯೂಟರ್ ಆಯಿತು.

ಅದನ್ನು ನಡೆಸಲು ಬಂದವಳು ಮುಮ್ತಾಜ್. ಗುಬ್ಬಿಯಲ್ಲೇ ರೇಡಿಯೋ ರಿಪೇರಿ ಮಾಡುತ್ತಿದ್ದವರ ಮಗಳು. ಅಪ್ಪನ ಪಕ್ಕ ಕೂತು ಬೆಸುಗೆ ಹಾಕುವುದನ್ನು ಕಲಿತಿದ್ದಳು. ಮಂಡಿಯ ಟೇಪ್‌ರೆಕಾರ್ಡರ್ ಕೆಟ್ಟರೂ, ಸಾಹುಕಾರರ ಮನೆಯ ಮಿಕ್ಸಿ ಕೆಟ್ಟರೂ ಅವಳೇ ಬಿಚ್ಚುತ್ತಿದ್ದಳು. ಊಟದ ಡಬ್ಬಿ ಬಿಚ್ಚುವಷ್ಟೇ ಸಲೀಸಾಗಿ.

ಆಯುಧಪೂಜೆ ನಮ್ಮ ಮಂಡಿಯಲ್ಲಿ ಜೋರು. ತಕ್ಕಡಿ, ತೂಕದ ಬಟ್ಟು, ಸೈಕಲ್, ಟೆಂಪೋ, ಕೊನೆಗೆ ಸ್ಟೇಪ್ಲರಿಗೂ ಕುಂಕುಮ. ಹಬ್ಬಕ್ಕೆ ಮುಂಚೆ ಮುಮ್ತಾಜ್, “ಅಂಕಲ್, ಇದಕ್ಕೆ ನೀರು ಗೀರು ತಾಗಿಸ್ಬೇಡಿ. ಒಣಬಟ್ಟೇಲಿ ಒರೆಸಿದ್ರೆ ಸಾಕು” ಎಂದು ಹೇಳಿಯೇ ಹೋಗಿದ್ದಳು. ನೀರು ತಾಗಿಸಲಿಲ್ಲ. ಆದರೆ ತಕ್ಕಡಿಗೆ ಕಾಯಿ ಒಡೆದು ಎರಡು ಹೋಳನ್ನು ಎರಡು ತಟ್ಟೆಯಲ್ಲಿಟ್ಟಿದ್ದೆ. ಕಂಪ್ಯೂಟರಿಗೆ ತಟ್ಟೆ ಎಲ್ಲಿದೆ? ಕೊಬ್ಬರಿಯ ಅನ್ನ ತಿನ್ನುವ ಮನೆಯಲ್ಲಿ ಅದೊಂದಕ್ಕೆ ಕಾಯಿ ಬೇಡವೆ? ಒಡೆದೆ. ನೀರು ತುಂಬಿದ್ದ ಹೋಳನ್ನು ಅದರ ನೆತ್ತಿಯ ಮೇಲಿಟ್ಟು ಕೈಮುಗಿದೆ. ಕಣ್ಣು ಬಿಡುವಷ್ಟರಲ್ಲಿ ಹೋಳು ಮಗುಚಿ, ಗಾಳಿಗೆಂದು ಬಿಟ್ಟಿದ್ದ ಸೀಳುಗಳಲ್ಲಿ ಕಾಯಿನೀರೆಲ್ಲ ಇಳಿದುಹೋಗಿತ್ತು. ಮೇಲುಮೇಲೆ ಒರೆಸಿ, ಹೂ ಮುಚ್ಚಿ, ಯಾರಿಗೂ ಹೇಳದೆ ಎಲ್ಲರಿಗೂ ಮಂಡಕ್ಕಿ ಹಂಚಿದೆ.

ರಜಾ ಮುಗಿಸಿ ಬಂದ ಮುಮ್ತಾಜ್ ಸ್ವಿಚ್ ಹಾಕಿದಳು. ಚಟ್ ಎಂದಿತು. ಬೆಲ್ಲ ಸೀದ ವಾಸನೆ. ಪರದೆ ಮತ್ತೆ ಹೊತ್ತಲಿಲ್ಲ. ಸಾಹುಕಾರರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಹೋಗ್ಲಿ ಬುಡಮ್ಮ, ನಿನ್ ಕೈಗುಣ ಸರಿಯಿಲ್ಲ ಅಷ್ಟೆ” ಅಂದರು. ಆ ಮಾತು ಮಂಡಿಯಲ್ಲಿ ಉಳಿದುಕೊಂಡಿತು. ಅವಳು ಏನು ಮುಟ್ಟಲು ಹೋದರೂ ಹಮಾಲರು ನಗುತ್ತ, “ಬ್ಯಾಡ ಕಣಮ್ಮ, ಇರೋದೊಂದು ಫ್ಯಾನು” ಅನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟಳು. ಆ ನಗುವವರಲ್ಲಿ ನಾನೂ ಇದ್ದೆ. ನಗದಿದ್ದರೆ ಅನುಮಾನ ಬರುತ್ತದೆಂದು ನಕ್ಕೆ.

ಅವಳ ಮದುವೆಗೆ ಹೋಗಿದ್ದೆ. ಕುಣಿಗಲ್ಲಿನಲ್ಲಿ ಗಂಡ ನಯಾಜ್ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಇವಳು ಅಲ್ಲೇ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದಳು. ಅಮೃತೂರಿನ ಬೀಗರ ಮನೆಗೆ ಹೋದಾಗೆಲ್ಲ ಇಳಿದು ಟೀ ಕುಡಿದು ಬರುತ್ತಿದ್ದೆ. ಒಮ್ಮೆ ನಯಾಜ್ ಇಲ್ಲದಾಗ ಗಿರಾಕಿಯೊಬ್ಬ ಒಂದೇ ಒಂದು ಸ್ಕ್ರೂ ಬಿಗಿ ಮಾಡಿಕೊಡಿ ಎಂದ. ಮುಮ್ತಾಜ್ ಕೈ ಹಿಂದಕ್ಕೆ ತೆಗೆದುಕೊಂಡು, “ನಾನು ಬಿಚ್ಚಲ್ಲಣ್ಣ, ನನ್ ಕೈಗೆ ಆಗಿಬರಲ್ಲ” ಅಂದಳು. ಆವತ್ತು ಟೀ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಮಂಡಿಯ ಹಿಂದಿನ ಕೋಣೆ ಖಾಲಿ ಮಾಡಿಸಿದರು. ಕಂಪ್ಯೂಟರನ್ನು ಗುಜರಿಗೆ ಹಾಕುವುದರಲ್ಲಿದ್ದಾಗ ನಾನು ಕೇಳಿ ಪಡೆದು, ಫ್ಲಾಪಿಗಳ ಸಮೇತ ಕೊಬ್ಬರಿ ಟೆಂಪೋದಲ್ಲಿ ಕುಣಿಗಲ್ಲಿಗೆ ಸಾಗಿಸಿದೆ. ನನ್ನ ಲೆಕ್ಕಾಚಾರ ನೋಡಿ: ನಯಾಜ್ ರಿಪೇರಿ ಮಾಡಿಬಿಟ್ಟರೆ ಪಾಪವೂ ಕಳೆಯುತ್ತದೆ, ಬಾಯಿ ಬಿಡುವ ಕಷ್ಟವೂ ತಪ್ಪುತ್ತದೆ.

ನಯಾಜ್ ಸುತ್ತ ಸುತ್ತಿ ನೋಡಿ ತಲೆ ಕೆರೆದುಕೊಂಡ. “ಯಾವ ಕಂಪನಿದು, ಯಾವ ಮಾಡೆಲ್ಲು ಗೊತ್ತಾಗ್ದೆ ಕರೆಂಟ್ ಕೊಡೋಕಾಗಲ್ಲ ಅಂಕಲ್. ಹೆಸರು ಅಮ್ಮನೋರ ಕೆಳಗೇ ಇರ್ಬೇಕು.”

“ಕಿತ್ತು ನೋಡಪ್ಪ ಮತ್ತೆ.”

“ನಾನಾ? ಚೆನ್ನಾಗಿ ಹೇಳಿದ್ರಿ. ನಿಮ್ ದೇವ್ರು, ನೀವೇ ಕೀಳಿ.”

ಕೀಳಲು ನನಗೂ ಕೈ ಬರಲಿಲ್ಲ. ಒಂದಿಡೀ ಮಧ್ಯಾಹ್ನ ಅಮ್ಮನವರ ಮುಂದೆ ಇಬ್ಬರೂ ಸುಮ್ಮನೆ ಕೂತಿದ್ದೆವು. ಕೊನೆಗೆ ಮುಮ್ತಾಜ್ ಒಳಗಿಂದ ಕೊಬ್ಬರಿ ಎಣ್ಣೆ ತಂದಿಟ್ಟು, “ಕೀಳೋದ್ಯಾಕೆ ಅಂಕಲ್, ಎಣ್ಣೆ ಹಚ್ಚಿ. ಅವರೇ ಎದ್ದು ಬರ್ತಾರೆ” ಅಂದಳು. ಹಾಗೇ ಆಯಿತು. ಸ್ಟಿಕ್ಕರ್ ಹರಿಯದೆ ಎದ್ದು ಬಂತು. ಕಣ್ಣಿಗೊತ್ತಿಕೊಂಡು ಗೋಡೆಗೆ ಅಂಟಿಸಿದೆ. ಕೆಳಗೆ ಸವೆದ ಅಕ್ಷರಗಳಲ್ಲಿ ಒಂದು ಹೆಸರು, ಒಂದು ನಂಬರು. ನಯಾಜ್ ಅದನ್ನು ಇಂಟರ್ನೆಟ್ಟಿನಲ್ಲಿ ಹಾಕಿದ. ಅಂಗಡಿಗಳ ಲೆಕ್ಕಕ್ಕೆಂದು ಕೆಲವೇ ಮಾಡಿ ಕೈಬಿಟ್ಟ ಯಂತ್ರವಂತೆ. ಯಾವುದೋ ದೇಶದಲ್ಲಿ ಇಂಥವನ್ನು ಕೂಡಿಡುವ ಪುಣ್ಯಾತ್ಮನೊಬ್ಬ ಅದರ ನಕ್ಷೆ ಕಳಿಸಿದ.

ನಕ್ಷೆ ಬಂದ ದಿನ ಮುಚ್ಚಳ ಬಿಚ್ಚಿದರು. ಒಳಗಿನ ಹಸಿರು ಹಲಗೆಯ ಮೇಲೆ ಕಂದು ಕಲೆ ಅಂಗೈಯಗಲ ಹರಡಿತ್ತು. ಅದರ ತುಂಬ ಸತ್ತ ಇರುವೆ.

“ಸಿಹಿ ಏನೋ ಬಿದ್ದಿದೆ” ಎಂದ ನಯಾಜ್ ಹೆಂಡತಿಯ ಕಡೆ ತಿರುಗಿದ. “ಟೀ ಚೆಲ್ಲಿದ್ಯೇನೇ?”

“ನಾನು ಅಲ್ಲಿ ಟೀನೇ ಕುಡೀತಿರ್ಲಿಲ್ಲ” ಅಂದಳು ಮುಮ್ತಾಜ್. ಸ್ವಲ್ಪ ಹೊತ್ತು ಆ ಕಲೆಯನ್ನೇ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, “ಚೆಲ್ಲಿರಬೋದೇನೋ. ನನ್ ಕೈಯೇ ಅಲ್ವಾ” ಅಂದಳು.

ಮಾಡದ್ದನ್ನು ಒಪ್ಪಿಕೊಳ್ಳಲು ಅವಳು ಅಷ್ಟು ಸುಲಭವಾಗಿ ತಯಾರಾದದ್ದನ್ನು ನನ್ನಿಂದ ನೋಡಲಾಗಲಿಲ್ಲ. “ಅದು ಟೀ ಅಲ್ಲಮ್ಮ, ಕಾಯಿನೀರು. ಚೆಲ್ಲಿದ್ದು ನಾನು” ಅಂದೆ. ಹೋಳು ಮಗುಚಿದ್ದು, ಹೂ ಮುಚ್ಚಿದ್ದು, ನಕ್ಕಿದ್ದು, ಎಲ್ಲ ಹೇಳಿದೆ.

ನಯಾಜ್ ಸ್ಕ್ರೂಗಳನ್ನು ಸುಮ್ಮನೆ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುತ್ತಿದ್ದ.

“ಇಷ್ಟು ವರ್ಷ ಇದನ್ನ ಹೊಟ್ಟೇಲಿಟ್ಕೊಂಡು ನಮ್ಮನೇಲಿ ರಂಜಾನ್ ಶಾವಿಗೆ ತಿಂದ್ರಾ ಅಂಕಲ್?” ಅಂದಳು ಮುಮ್ತಾಜ್.

“ತಿಂದೆ ಕಣಮ್ಮ.”

“ಎರಡೆರಡು ಸಲ ಹಾಕಿಸ್ಕೊಂಡು?”

“ಹೂಂ.”

ಅವಳು ಕಣ್ಣೊರೆಸಿಕೊಂಡು ಗಂಡನಿಗೆ, “ನೀವು ಆ ಕಡೆ ಸರೀರಿ” ಅಂದಳು. ಅವನ ಕೈಯಿಂದ ಸೋಲ್ಡರಿಂಗ್ ಐರನ್ ತೆಗೆದುಕೊಂಡಳು. ಅದರ ತುದಿಯನ್ನು ಒದ್ದೆ ಬಟ್ಟೆಗೆ ಒರೆಸಿಕೊಂಡಳು. ನನಗೊಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬಾಟಲಿ ಸ್ಪಿರಿಟ್ ಕೊಟ್ಟು, “ನಿಮ್ ಇರುವೆ ನೀವೇ ತೆಗೀರಿ” ಅಂದಳು. ತೆಗೆದೆ. ಬೇಕಾದ ಬಿಡಿಭಾಗಗಳಿಗೆ ತುಮಕೂರಿನ ಗುಜರಿ ಅಂಗಡಿಗಳನ್ನೆಲ್ಲ ಅಲೆದೆ. ತಪ್ಪು ತಂದಾಗ ಬೈದಳು. ಆ ಬೈಗುಳ ನನಗೆ ಎಷ್ಟು ಹಿತವಾಗಿತ್ತೆಂದರೆ ಒಮ್ಮೆ ಬೇಕೆಂದೇ ತಪ್ಪು ತಂದೆನೋ ಏನೋ.

ಸ್ವಿಚ್ ಹಾಕಿದ ದಿನ ಫ್ಲಾಪಿ ಗರಗರ ಎಂದು, ಪರದೆಯ ಮೂಲೆಯಲ್ಲಿ ಹಸಿರು ಚುಕ್ಕಿಯೊಂದು ಮಿಟುಕಿತು. ನಯಾಜ್ ಚಪ್ಪಾಳೆ ತಟ್ಟಿದ. ಅವಳು ತಟ್ಟಲಿಲ್ಲ, ತನ್ನ ಎರಡು ಅಂಗೈಯನ್ನೂ ತಿರುಗಿಸಿ ನೋಡಿಕೊಂಡಳು. ಕ್ಷಮಿಸಿದೆ ಎಂದು ಅವಳು ಯಾವತ್ತೂ ಹೇಳಿಲ್ಲ. ನಾನೂ ಕೇಳಿಲ್ಲ.

ಇವತ್ತು ತಿಂಡಿ ಆದ ಮೇಲೆ ಮಾತಾಡಬೇಕೆನ್ನಿಸಿ ಕುಣಿಗಲ್ಲಿಗೆ ಫೋನು ಮಾಡಿದೆ. ನಯಾಜ್ ಎತ್ತಿದ. “ಅವಳ ಎರಡು ಕೈನೂ ಒಂದು ಪ್ರಿಂಟರ್ ಹೊಟ್ಟೆಯೊಳಗಿದೆ ಅಂಕಲ್. ಕರೀಲಾ?”

“ಬೇಡಪ್ಪ, ಕೈ ತೆಗೀಬೇಡ ಅನ್ನು” ಎಂದು ಫೋನಿಟ್ಟೆ.