ಬೆಣ್ಣೆ ಕುಡಿಯುವ ಕೋಲು

ಮೊನ್ನೆ ಅಮೆರಿಕದಲ್ಲಿ, ಸರಟೋಗಾದ ಮೊಮ್ಮಗಳ ಮನೆಯಲ್ಲಿ ಮರಿಮಗನಿಗೆ ಕಾಡಿಗೆ ಮಾಡೋಣ ಅಂತ ದೀಪದ ಮೇಲೆ ತಟ್ಟೆ ಕವುಚಿದೆ. ಕೂತ ಮಸಿಗೆ ಬೆಣ್ಣೆ ಹಾಕಿ ತೀಡಿದೆ ನೋಡಿ, ಆ ವಾಸನೆಗೆ ಕೈ ಹಾಗೇ ನಿಂತುಬಿಟ್ಟಿತು. ಫ್ರೀಮಾಂಟಿನಲ್ಲಿ ಮಗಳ ಪಕ್ಕದ ಮನೆಯಲ್ಲಿದ್ದ ಅಜ್ಜ ಬಂದು ನನ್ನ ಬೆನ್ನ ಹಿಂದೆ ನಿಂತ ಹಾಗಾಯಿತು. ಮರಿಮಗನ ಮುಖ ನೋಡಿದವಳು ನಾನು, ಎದೆ ತುಂಬಿ ಚೆಲ್ತಾ ಇದೆ. ಆದರೂ ತಿರುಗಿ ನೋಡಿದೆ.

ಈ ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕೆ ಅಂತ ಮಗಳ ಮನೆಗೆ ಹೋಗಿದ್ದೆ. ಬೀದಿಗೊಂದು ಡಾಟ್‌ಕಾಮ್ ಕಂಪನಿ ಏಳ್ತಿದ್ದ ಕಾಲ, ಅಳಿಯ ಮನೆಗೆ ಬರ್ತಿದ್ದುದು ಸ್ನಾನಕ್ಕೆ ಮಾತ್ರ. ಪಕ್ಕದ ಮನೆ ಅಜ್ಜ ಐರ್ಲೆಂಡಿನವರು, ಒಬ್ಬರೇ ಇದ್ದರು. ಅವರ ಕೈಲಿ ಸದಾ ಒಂದು ಕರಿ ಕೋಲು, ತುದಿಯಲ್ಲಿ ಮುಷ್ಟಿಯಷ್ಟು ದಪ್ಪ ಗಂಟು, ಹೊಡೆದಾಟದ ದೊಣ್ಣೆ. ನಾವು ಹಸುಗೂಸಿಗೆ ಎಣ್ಣೆ ನೀವೋ ಹಾಗೆ ಅದಕ್ಕೆ ಬೆಣ್ಣೆ ನೀವಿ ಹೊಗೆಗೂಡಲ್ಲಿ ನೇತುಹಾಕೋರು.

ಮಗಳಿಗೆ ಮೊದಲಿನ ಎರಡು ಕೂಸು ದಕ್ಕಿರಲಿಲ್ಲ. ನಮ್ಮ ಹಾಸನದ ಕಡೆ ಹಾಗಾದರೆ ಮುಂದಿನದಕ್ಕೆ ತಿಪ್ಪ, ಗುಂಡ, ಕಲ್ಲ ಅಂತ ಕರೀತೀವಿ, ಬೇಡದ ವಸ್ತು ಅಂತ ಜವರಾಯ ಬಿಟ್ಟುಹೋಗಲಿ ಅಂತ.

"ತಿಪ್ಪಮ್ಮ ಅನ್ನೋಣ" ಅಂದೆ.

"ಡೇಕೇರಲ್ಲಿ ನಗ್ತಾರೆ ಅತ್ತೆ" ಅಂದ ಅಳಿಯ.

ಸರಿ, ದೊಣ್ಣೆಯೂ ಬರೀ ಕಟ್ಟಿಗೆ ತಾನೇ ಅಂತ, ಅಜ್ಜ ಅದಕ್ಕೆ ಹೇಳ್ತಿದ್ದ ಹೆಸರಲ್ಲೇ ಕೂಸನ್ನ ಕರೆಯತೊಡಗಿದೆ. ಆ ಹೆಸರನ್ನ ಇಲ್ಲಿ ಒಂದೇ ಸಲ ಬರೀತೀನಿ... 'ಶಿಲೇಲಿ'.

ಬೇಲಿ ಆಚೆ ಇದ್ದ ಅಜ್ಜನಿಗೆ ಕೇಳಿಸಿತು. ಮುಖ ಸಪ್ಪಗಾಯಿತು. ಅವರು ಹೇಳಿದ್ದನ್ನ ಮಗಳು ಕನ್ನಡದಲ್ಲಿ ಹೇಳುತ್ತಾ ಬಂದಳು. ಅದು ಅವರ ನಾಡಿನ ಒಂದು ಊರಿನ ಹೆಸರಂತೆ. ಸುತ್ತ ಓಕ್ ಮರದ ಕಾಡು. ಆ ಮರದ ದೊಣ್ಣೆಗೂ ಊರಿನ ಹೆಸರೇ ಬಂತಂತೆ. ಆಮೇಲೆ ತೊಲೆಗೆ, ಹಡಗಿಗೆ ಅಂತ ಕಾಡು ಕಡಿದರು. ಮರ ಮುಗೀತು, ಹೆಸರು ಮುಗೀಲಿಲ್ಲ. ಈಗಿನ ಕೋಲು ಓಕ್ ಕೂಡ ಅಲ್ಲ, ಬೇಲಿಯ ಯಾವುದೋ ಮುಳ್ಳುಗಿಡ.

"ಕಾಡು ಕಳಕೊಂಡ ಹೆಸರು ಅದು, ಕೂರೋಕೆ ಜಾಗ ಹುಡುಕುತ್ತೆ. ಕೂಸಿನ ಮೇಲೆ ಕೂರಿಸಬೇಡಿ" ಅಂದರು ಅಜ್ಜ.

ಅವತ್ತು ಸಂಜೆ ಕೂಸು ಹಾಲು ಬಿಟ್ಟಿತು. ಮೈ ಕಾವೇರಿತು, ಕಣ್ಣು ಬಾಗಿಲ ಕಡೆಗೇ ನೆಟ್ಟಿತು. ಮಗಳು ಡಾಕ್ಟರಿಗೆ ಫೋನು ಮಾಡ್ತಿದ್ದಾಗ ಹೊರಗೆ ಟಕ್, ಟಕ್... ಅಜ್ಜ ಒಳಗೆ ಬಂದು ಕೋಲನ್ನ ತೊಟ್ಟಿಲಿಗೆ ಒರಗಿಸಿದರು. ಗಂಟಿಗೆ ಬಾಯಿಟ್ಟು ಆ ಹೆಸರನ್ನ ಕೋಲಿನೊಳಕ್ಕೆ ಮೆಲ್ಲಗೆ ಕರೆದರು. ಕರೆದ ಹಾಗೆಲ್ಲ ಕೋಲಿನೊಳಗೆ ತರಗೆಲೆ ಅಲುಗಿದ ಸದ್ದು. ಕೂಸು ಕಿರ್ರನೆ ಅತ್ತಿತು, ಹಾಲು ಕುಡೀತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮೈ ತಣ್ಣಗಾಗಿತ್ತು.

"ಕೋಲು ಕೂಸಿನ ಹತ್ತಿರವೇ ಇರಲಿ, ಬೆಣ್ಣೆ ಮಾತ್ರ ಮರೀಬೇಡಿ" ಅಂತ ಅಜ್ಜ ಗೋಡೆ ಹಿಡಿದುಕೊಂಡು ಬರಿಗೈಲಿ ಮನೆಗೆ ಹೋದರು. ಚಳಿಗಾಲ ಮುಗಿಯೋದರೊಳಗೆ ತೀರಿಕೊಂಡರು. ಆಮೇಲೂ ಸಂಜೆ ಬೇಲಿ ಆಚೆ ಟಕ್ ಟಕ್ ಕೇಳ್ತಿತ್ತು, ಕೋಲು ನಮ್ಮನೆ ಮೂಲೆಯಲ್ಲೇ ಇದ್ದರೂ. ಕೂಸು ಅತ್ತ ತಿರುಗಿ ನಗ್ತಿತ್ತು...

ಈಗ ಆ ಕೋಲು ಮರಿಮಗನ ತೊಟ್ಟಿಲ ಪಕ್ಕ ಇದೆ. ಕಾಡಿಗೆಗೆ ಹಾಕಿ ಉಳಿದ ಬೆಣ್ಣೆಯನ್ನ ಅದಕ್ಕೆ ಸವರಿದೆ.

"ಅಜ್ಜಿ, ವಾಟ್ಸ್ ಇಟ್ ಕಾಲ್ಡ್?" ಅಂದಳು ಮೊಮ್ಮಗಳು.

"ಬರೀ ಕೋಲು ಕಣೇ" ಅಂದೆ.

ಅವಳು ಅತ್ತ ಹೋದ ಮೇಲೆ ಗಂಟಿಗೆ ಬಾಯಿಟ್ಟು ಕೋಲನ್ನ ಅದರ ಹೆಸರಲ್ಲಿ ಕರೆದೆ. ಎಲೆ ಅಲುಗಿತು. ಆಮೇಲೆ ಅಜ್ಜನನ್ನೂ ಕರೆಯೋಣ ಅಂತ ಬಾಯಿ ತೆರೆದೆ. ಅವರ ಹೆಸರೇನು ಅಂತ ನಾನು ಕೇಳಿಯೇ ಇರಲಿಲ್ಲ.